ಚಾಕ್ಟಾ ಲಂಗದ 86 ವಜ್ರಗಳು

ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನಾಂಗದ ಹೆಂಗಸರ ಉಡುಪನ್ನು ಹೊಲಿಯುವ ಬಗೆ ಇದು. ಮೊದಲು ಬಟ್ಟೆಯನ್ನು ನೆನೆಸಿಡಿ. ಉಳಿದದ್ದನ್ನು ಅದು ಒಣಗುವ ಹೊತ್ತಿನಲ್ಲಿ ಓದಬಹುದು. ಒಂದು ಬಕೆಟ್‌ನಲ್ಲಿ ಕೆಂಪು, ಇನ್ನೊಂದರಲ್ಲಿ ಬಿಳಿ. ಇಡೀ ರಾತ್ರಿ ನೆನೆಯಲಿ. ಜಾಗ ಸಾಲದೆಂದು ಎರಡನ್ನೂ ಒಂದೇ ಬಕೆಟ್‌ಗೆ ತುರುಕಿದಿರೋ, ನನ್ನ ಗತಿಯೇ ನಿಮ್ಮದೂ ಆಗುತ್ತದೆ. ನಾನು ಮಾದರಿಗೆಂದು ಹೊಲಿದ ಮೊದಲ ತುಂಡನ್ನು ಒಗೆದು ನೋಡಿದಾಗ ಬಿಳಿ ಹಲ್ಲುಗಳೆಲ್ಲ (ಬಟ್ಟೆಯ ಪಟ್ಟಿಯಲ್ಲಿ ಮಡಿಸಿ ಮಾಡುವ ತ್ರಿಕೋನಗಳಿಗೆ ಹಲ್ಲು ಎನ್ನುತ್ತೇನೆ) ಪೇರಲ ಹಣ್ಣಿನ ಒಳಗಿನ ಬಣ್ಣಕ್ಕೆ ತಿರುಗಿದ್ದವು. ಎರಡು ರಾತ್ರಿಯ ಕೆಲಸ ಒಂದೇ ಮುಳುಗಿಗೆ ಹೋಯಿತು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಅಂಗಡಿಯವರೂ ಹೇಳುತ್ತಾರೆ, ನೆರೆಮನೆಯವರೂ ಹೇಳುತ್ತಾರೆ. ನಂಬಬೇಡಿ. ನೀರು ತಿಳಿಯಾಗಿ ಬರುವವರೆಗೆ ಬದಲಿಸುತ್ತ ಇರಿ. ಆಮೇಲೆ ಒಂದು ಬಿಳಿ ಚಿಂದಿಯನ್ನು ಒದ್ದೆ ಮಾಡಿ ಕೆಂಪು ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿಯಿಂದ ಒತ್ತಿ ನೋಡಿ. ಚಿಂದಿ ಬಿಳಿಯಾಗಿಯೇ ಉಳಿದರೆ ಆ ಬಟ್ಟೆಗೆ ಕತ್ತರಿ ಹಾಕಬಹುದು. ಇಲ್ಲವಾದರೆ ಆ ಬಟ್ಟೆಯನ್ನು ದಿಂಬಿನ ಗವಸಿಗೆ ಇಟ್ಟುಕೊಂಡು ಬೇರೆ ತನ್ನಿ.

ಪುಣೆಯ ಕರ್ವೆನಗರದಲ್ಲಿ ಮೂವತ್ತೊಂದು ವರ್ಷಗಳಿಂದ ಹೊಲಿಗೆ ಹಾಕುತ್ತಿದ್ದೇನೆ. ತವರು ಬಾಗಲಕೋಟೆ ಕಡೆ. ನನ್ನ ಕೈಗೆ ಬಂದದ್ದು ಹೆಚ್ಚಾಗಿ ಖಣದ ಕುಪ್ಪಸ, ಪರಕರ, ಇಳಕಲ್ ಸೀರೆಗೆ ಜೋಡಿ ರವಿಕೆ. ಅಮೆರಿಕದ ಮೂಲನಿವಾಸಿಗಳ ಉಡುಪು ನನ್ನ ಮಷೀನಿನ ಕೆಳಗೆ ಬಂದದ್ದು ಅಕ್ಕನ ಮಗನ ದೆಸೆಯಿಂದ. ಅವನು ಇರುವುದು ಓಕ್ಲಹೋಮದಲ್ಲಿ. ಕೈಹಿಡಿದ ಹುಡುಗಿ ಚಾಕ್ಟಾ ಜನಾಂಗದವಳು. ಹೋದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಬಂದಾಗ ಸೊಸೆಯ ಚೀಲದಲ್ಲಿ ಅವಳ ಅಜ್ಜಿ ಹೊಲಿದ ಒಂದು ಉಡುಪು ಇತ್ತು. ಅಜ್ಜಿಗೆ ಈಗ ಕಣ್ಣು ಸಾಲದು. "ಮಾವಶಿ, ಇಂಥದ್ದೇ ಒಂದು ನನ್ನ ಅಳತೆಗೆ ಹೊಲಿಯಲು ಬರುತ್ತದೆಯೇ?" ಎಂದು ಕೇಳಿದಳು. ಗಂಡನಿಂದ ಕಲಿತ ಕನ್ನಡ. ಮಾವಶಿ ಎನ್ನುವುದು ಮಾತ್ರ ಸ್ಪಷ್ಟವಾಗಿತ್ತು. ನಾನು ಉಡುಪನ್ನು ಒಳಮೈ ಹೊರಗೆ ಮಾಡಿ ಮಂಚದ ಮೇಲೆ ಹರಡಿದೆ. ದರ್ಜಿಯ ಗುಟ್ಟು ಇರುವುದು ಒಳಮೈಯಲ್ಲಿಯೇ.

ಹೊರಗಿನಿಂದ ನೋಡಿದರೆ ಸರಳವಾದ ಉಡುಪು. ಕಣಕಾಲಿನವರೆಗೆ ಇಳಿಯುವ ಹತ್ತಿ ಬಟ್ಟೆಯ ನಿಲುವಂಗಿ, ಉದ್ದ ತೋಳು, ಎದೆಯ ಮೇಲೆ ಯೋಕ್ (ಹೆಗಲಿನಿಂದ ಎದೆಯವರೆಗೆ ಬೇರೆಯಾಗಿ ಕೂಡಿಸುವ ತುಂಡು), ಸೊಂಟದಿಂದ ಕೆಳಗೆ ತುಂಬು ನಿರಿಗೆಯ ಲಂಗ, ಅಂಚಿಗೆ ನಿರಿಗೆ ಹಿಡಿದ ಪಟ್ಟಿ ಅಂದರೆ ಝಾಲರು, ಮುಂದೆ ಕಟ್ಟಿಕೊಳ್ಳುವ ಬಿಳಿ ಏಪ್ರನ್. ಯೋಕ್, ತೋಳಿನ ತುದಿ, ಝಾಲರಿನ ಮೇಲೆ, ಏಪ್ರನ್ನಿನ ಅಂಚಿನಲ್ಲಿ, ಹೀಗೆ ಎಲ್ಲೆಲ್ಲೂ ಬೇರೆ ಬಣ್ಣದ ಬಟ್ಟೆಯಿಂದ ಕೂಡಿಸಿದ ವಜ್ರಾಕೃತಿಯ ಸಾಲು. ದೀಪಾವಳಿಯ ಶಂಕರಪೋಳಿಗಳನ್ನು ತುದಿಗೆ ತುದಿ ತಾಗಿಸಿ ಇಟ್ಟಂತೆ. ಅದು ಹಾವು. ಬೆನ್ನ ಮೇಲೆ ವಜ್ರದ ಗುರುತಿರುವ, ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ಹಾವು ಅವರ ನಾಡಿನಲ್ಲಿದೆ. ಹೊಲದ ಇಲಿಗಳನ್ನು ತಿಂದು ಬೆಳೆ ಕಾಯುವ ಅದರ ಮೇಲಿನ ಗೌರವಕ್ಕೆ ಆ ಗುರುತನ್ನು ಬಟ್ಟೆಯ ಮೇಲೆ ತಂದರು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಿಲುವಂಗಿಯ ಕಟ್ಟು ಬಿಳಿಯರಿಂದ ಬಂದದ್ದು ಎಂಬುದೂ ನಿಜ. ಅದಕ್ಕೂ ಹಿಂದೆ ಚಾಕ್ಟಾ ಹೆಂಗಸರು ಜಿಂಕೆಯ ತೊಗಲಿನಿಂದಲೂ ಹಿಪ್ಪುನೇರಳೆಯ ಒಳತೊಗಟೆಯ ನಾರಿನಿಂದಲೂ ಉಡುಪು ಮಾಡಿಕೊಳ್ಳುತ್ತಿದ್ದರು. ವ್ಯಾಪಾರಿಗಳ ಜೊತೆ ಹತ್ತಿ ಬಟ್ಟೆ, ರಿಬ್ಬನ್, ಕಬ್ಬಿಣದ ಸೂಜಿ ಬಂದವು. ವಲಸೆ ಬಂದ ಬಿಳಿಯ ಹೆಂಗಸರ ಉದ್ದನೆಯ ಅಂಗಿಯನ್ನು ನೋಡಿ, ತಮಗೆ ಬೇಕಾದಂತೆ ತಿರುಗಿಸಿಕೊಂಡರು. "ಹಾಗಾದರೆ ಇದು ಅವರದ್ದೇನೂ ಅಲ್ಲವಲ್ಲ" ಎಂದು ನನ್ನ ಒಬ್ಬ ಗಿರಾಕಿ ಮೂಗು ಮುರಿದಳು. ಅವಳು ಉಟ್ಟಿದ್ದ ನವವಾರಿ ಸೀರೆಯ ಮೇಲಿನ ಪಫ್ ತೋಳಿನ ರವಿಕೆಯನ್ನು ಒಮ್ಮೆ ನೋಡಿ ಸುಮ್ಮನಾದೆ.

ಚಾಕ್ಟಾ ಜನರ ಮೂಲ ನೆಲ ಇಂದಿನ ಮಿಸಿಸಿಪ್ಪಿ ರಾಜ್ಯ ಮತ್ತು ಅದರ ಸುತ್ತಲಿನ ಸೀಮೆ. 1830ರಲ್ಲಿ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಎಂಬಲ್ಲಿ, ಅಂದರೆ ಕುಣಿಯುವ ಮೊಲದ ಹಳ್ಳದಲ್ಲಿ, ಒಪ್ಪಂದಕ್ಕೆ ರುಜು ಹಾಕಿಸಿಕೊಂಡು ಅಮೆರಿಕ ಸರಕಾರ ಆ ನೆಲವನ್ನು ತೆಗೆದುಕೊಂಡಿತು. 1831ರಿಂದ 1833ರವರೆಗೆ ಸಾವಿರಾರು ಜನರನ್ನು ಇಂದಿನ ಓಕ್ಲಹೋಮಕ್ಕೆ ಅಟ್ಟಲಾಯಿತು. ಚಳಿಯಲ್ಲಿ, ಕಾಲರಾದಲ್ಲಿ ದಾರಿಯುದ್ದಕ್ಕೂ ಜನ ಸತ್ತರು. ಜಾಗ ಬಿಡದೆ ಉಳಿದವರ ಪೀಳಿಗೆ ಈಗಲೂ ಮಿಸಿಸಿಪ್ಪಿಯಲ್ಲಿದೆ; ಅವರಿಗೆ 1945ರಲ್ಲಿ ಸರಕಾರದ ಮಾನ್ಯತೆ ಸಿಕ್ಕಿತು. ಹೀಗೆ ಒಂದೇ ಉಡುಪನ್ನು ಎರಡು ಸೀಮೆಗಳಲ್ಲಿ ಹೊಲಿಯುತ್ತ ಬಂದಿದ್ದಾರೆ. ಮಿಸಿಸಿಪ್ಪಿಯಲ್ಲಿ ಜುಲೈ ತಿಂಗಳ ಜಾತ್ರೆಗೆ, ಓಕ್ಲಹೋಮದಲ್ಲಿ ಸೆಪ್ಟೆಂಬರ್ ಮೊದಲ ವಾರದ ಹಬ್ಬಕ್ಕೆ ಪೆಟ್ಟಿಗೆಯಿಂದ ಇವು ಹೊರಗೆ ಬರುತ್ತವೆ. ನಮ್ಮ ಸೊಸೆಗೆ ಬೇಕಾದದ್ದೂ ಆ ಸೆಪ್ಟೆಂಬರ್ ಹಬ್ಬಕ್ಕೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಾಲೆಯ ಗ್ಯಾದರಿಂಗಿನಲ್ಲಿ ಮಗುವಿನ ತಲೆಗೆ ಗರಿ ಕಟ್ಟಿ, ಮುಖಕ್ಕೆ ಬಣ್ಣ ಬಳಿದು "ರೆಡ್ ಇಂಡಿಯನ್" ಮಾಡುವುದಕ್ಕೆ ಈ ಲೇಖನ ಉಪಯೋಗಕ್ಕೆ ಬರುವುದಿಲ್ಲ. ಆ ದೊಡ್ಡ ಗರಿಯ ಕಿರೀಟ ಅಮೆರಿಕದ ಬಯಲುಸೀಮೆಯ ಬೇರೆ ಜನಾಂಗಗಳದ್ದು, ಚಾಕ್ಟಾ ಹೆಂಗಸರದ್ದಂತೂ ಅಲ್ಲವೇ ಅಲ್ಲ. ಹೊಲಿದು ಮಾರುವ ಯೋಚನೆಯೂ ಬೇಡ. ಹೊರಗಿನವರು ಮಾಡಿದ್ದನ್ನು ಮೂಲನಿವಾಸಿಗಳ ಕೈಕೆಲಸವೆಂದು ಮಾರುವುದು 1990ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ಅಪರಾಧ. ನಾನು ಹೊಲಿದದ್ದು ಮನೆಯ ಸೊಸೆ ಕೇಳಿದಳೆಂದು, ಅವಳ ಅಜ್ಜಿ ಒಪ್ಪಿದಳೆಂದು. ಆದರೆ ಹಲ್ಲಿನ ಪಟ್ಟಿ ಮಾಡುವ ಕೈಚಳಕ ನಿಮ್ಮ ಮಗಳ ಪರಕರಕ್ಕೂ, ಕೌದಿಗೂ ಬರುತ್ತದೆ. ಉತ್ತರ ಹಿಂದುಸ್ತಾನದ ಪತ್ತಿ ಕೆಲಸದವರೂ ಬಟ್ಟೆಯನ್ನು ಹೀಗೆಯೇ ಸೀಳಿ ಮಡಿಸುತ್ತಾರೆ.

ಬಟ್ಟೆಯ ಲೆಕ್ಕ: 38 ಇಂಚಿನ ಎದೆ, ಐದೂವರೆ ಅಡಿ ಎತ್ತರದ ಹೆಂಗಸಿಗೆ 44 ಇಂಚು ಅಗಲದ ಕೆಂಪು ಬಟ್ಟೆ ಆರೂವರೆ ಮೀಟರ್, ಬಿಳಿ ಎರಡು ಮೀಟರ್. ನಾನು ರವಿವಾರ ಪೇಠೆಯಲ್ಲಿ ತೆಗೆದುಕೊಂಡೆ. ಪಾಪ್ಲಿನ್ ಬೇಡ, ತೆಳು ಕೇಂಬ್ರಿಕ್ ಕೇಳಿ. ಸೊಂಟದಲ್ಲಿ ಸುಮಾರು ನಾಲ್ಕು ಪಟ್ಟು ನಿರಿಗೆ ಕೂರಬೇಕು. ದಪ್ಪ ಬಟ್ಟೆಯಾದರೆ ಹೊಟ್ಟೆಯ ಸುತ್ತ ಸಿಂಬೆ ಕಟ್ಟಿಕೊಂಡಂತೆ ಕಾಣುತ್ತದೆ. ಪಾಲಿಯೆಸ್ಟರ್ ಬೆರೆತದ್ದಂತೂ ಖಂಡಿತ ಬೇಡ, ಹಲ್ಲು ಮಡಿಸಿದರೆ ನಿಲ್ಲುವುದಿಲ್ಲ, ಚಿಮ್ಮಿ ಎದ್ದು ಕೂರುತ್ತದೆ. ಕೆಲವರು ವಜ್ರದ ಸಾಲಿನ ಪಕ್ಕದಲ್ಲಿ ಅಂಕುಡೊಂಕು ಲೇಸನ್ನೂ ಹಾಕುತ್ತಾರೆ. ತುಳಶೀಬಾಗಿನಲ್ಲಿ ಅದನ್ನು ಕೈಯಿಂದ ತೋರಿಸಿ ಕೇಳಿದಾಗ ಅಂಗಡಿಯವನು "ನಾಗಮೋಡಿ ಬೇಕೇ?" ಎಂದ. ಮರಾಠಿಯಲ್ಲಿ ಅಂಕುಡೊಂಕಿಗೆ ಅದೇ ಮಾತು, ನಾಗ ಹರಿದಂತೆ ಎಂದು. ಸೊಸೆಗೆ ಅರ್ಥ ಹೇಳಿದೆ. ಅಂಗಡಿಯಲ್ಲಿಯೇ ನಿಂತು ಅಜ್ಜಿಗೆ ಸಂದೇಶ ಕಳುಹಿಸಿದಳು.

ಕೆಂಪಿನಲ್ಲಿ ಲಂಗಕ್ಕೆ 34 ಇಂಚು ಉದ್ದದ ಮೂರು ತುಂಡುಗಳು, ಬಟ್ಟೆಯ ಪೂರ್ತಿ ಅಗಲದಲ್ಲಿ. ಝಾಲರಿಗೆ 9 ಇಂಚಿನ ಆರು ಪಟ್ಟಿಗಳು. ಮೇಲಂಗಿ ಮತ್ತು ತೋಳಿಗೆ ಒಂದೂವರೆ ಮೀಟರ್. ಮೇಲಂಗಿಯನ್ನು ಸಡಿಲವಾಗಿಯೇ ಕತ್ತರಿಸಿ, ಸುತ್ತಳತೆಗೆ ನಾಲ್ಕು ಇಂಚು ಸೇರಿಸಿ. ನಮ್ಮ ರವಿಕೆಯಂತೆ ಮೈಗೆ ಅಂಟಿ ಕೂರುವ ಕಟ್ಟು ಇದಲ್ಲ, ಟಕ್ಸ್ (ಮೈಗೆ ಕೂರಲು ಹಿಡಿಯುವ ಚೂಪು ಮಡಿಕೆ) ಬೇಕಾಗಿಲ್ಲ. ಯೋಕಿನ ಅಂಚು ಎದೆಯ ಮೇಲೆ ನೇರವಾಗಿ ಹೋಗಲಿ. ದುಂಡು ಯೋಕ್ ಚೆಂದ ಕಾಣುತ್ತದೆ, ಆದರೆ ಹಲ್ಲಿನ ಪಟ್ಟಿ ನೇರ ಗೆರೆಯಲ್ಲಿ ಮಾತ್ರ ಮಾತು ಕೇಳುತ್ತದೆ. ಬೆನ್ನಿಗೆ ಜಿಪ್ ಅಥವಾ ಗುಂಡಿ. ಇಷ್ಟು ಹೊಲಿಗೆ ಬಲ್ಲವರಿಗೆ ಹೊಸದೇನಲ್ಲ, ಮುಂದೆ ಹೋಗುತ್ತೇನೆ.

ಹಲ್ಲಿನ ಪಟ್ಟಿಯೇ ಈ ಉಡುಪಿನ ಜೀವ.

ಬಿಳಿ ಬಟ್ಟೆಗೆ ಮೊದಲು ಗಂಜಿ ಹಾಕಿ. ಅನ್ನ ಬಸಿದ ಗಟ್ಟಿ ಗಂಜಿಯೇ ಸಾಕು, ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಣಗಿಸಿ ಇಸ್ತ್ರಿ ಮಾಡಿದಾಗ ಬಟ್ಟೆ ಕಾಗದದಂತೆ ಸದ್ದು ಮಾಡಬೇಕು. ಗಂಜಿಯಿಲ್ಲದ ಬಟ್ಟೆಯನ್ನು ಸೀಳಿದರೆ ಎಳೆ ಬಿಚ್ಚಿಕೊಂಡು ಗಡ್ಡ ಬೆಳೆಯುತ್ತದೆ. ಈಗ ಒಂದೂವರೆ ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿ. ಎಳೆ ಹಿಡಿದು ನೇರವಾಗಿ ಕತ್ತರಿಸಬೇಕು, ಓರೆಯಲ್ಲಿ ಬೇಡ. ಲಂಗಕ್ಕೆ ಎಂಟು ಪಟ್ಟಿ ಬೇಕು, ನಾಲ್ಕು ನಾಲ್ಕರಂತೆ ಜೋಡಿಸಿ ಎರಡು ಉದ್ದ ಪಟ್ಟಿ ಮಾಡಿಕೊಳ್ಳಿ.

ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಒಂದು ಅಳತೆಪಟ್ಟಿ ಮಾಡಿಟ್ಟುಕೊಳ್ಳಿ. ಅದರ ಅಂಚಿನಲ್ಲಿ ಪ್ರತಿ ಒಂದೂವರೆ ಇಂಚಿಗೆ ಒಂದು ಗುರುತು, ಮುಕ್ಕಾಲು ಇಂಚು ಆಳಕ್ಕೆ ಒಂದು ಗೆರೆ. ಅದನ್ನು ಬಟ್ಟೆಯ ಪಟ್ಟಿಯ ಮೇಲಿಟ್ಟು ಪೆನ್ಸಿಲ್‌ನಿಂದ ಗುರುತು ಮಾಡಿ, ಪ್ರತಿ ಗುರುತಿನಲ್ಲಿ ಮುಕ್ಕಾಲು ಇಂಚು ಸೀಳಿ. ಒಂದು ಎಳೆ ಮೊದಲೇ ಕತ್ತರಿಯನ್ನು ನಿಲ್ಲಿಸಿ. ಈಗ ಪಟ್ಟಿ ಮೇಲಂಚಿನಲ್ಲಿ ಆಯಾಕಾರದ ನಾಲಗೆಗಳಾಗಿ ನಿಲ್ಲುತ್ತದೆ. ಒಂದೊಂದು ನಾಲಗೆಯ ಎಡ ಮೂಲೆಯನ್ನೂ ಬಲ ಮೂಲೆಯನ್ನೂ ಹಿಂದಕ್ಕೆ ಮಡಿಸಿ, ಎರಡೂ ಮೂಲೆಗಳು ಬುಡದ ನಡುವೆ ಮುಖಾಮುಖಿಯಾಗಬೇಕು. ನಾಲಗೆ ತ್ರಿಕೋನವಾಗುತ್ತದೆ. ಅಗಲದ ಅರ್ಧದಷ್ಟೇ ಆಳ ಸೀಳಬೇಕೆಂಬ ಲೆಕ್ಕ ಇದಕ್ಕಾಗಿ. ಆಳ ಹೆಚ್ಚಾದರೆ ಮೂಲೆಗಳು ಒಂದರ ಮೇಲೊಂದು ಹತ್ತುತ್ತವೆ, ಕಡಿಮೆಯಾದರೆ ತುದಿ ಮೊಂಡಾಗುತ್ತದೆ. ಬೆರಳಿಂದ ಒತ್ತಿ, ತಕ್ಷಣ ಇಸ್ತ್ರಿಯ ಮೂತಿ ತಾಗಿಸಿ. ಹತ್ತು ಹಲ್ಲು ಮಡಿಸಿ ಆಮೇಲೆ ಇಸ್ತ್ರಿ ಮಾಡೋಣವೆಂದರೆ ಒಂಬತ್ತು ಬಿಚ್ಚಿಕೊಂಡಿರುತ್ತವೆ. ಪಟ್ಟಿಯ ಕೆಳಗಿನ ಅಂಚನ್ನು ಕಾಲು ಇಂಚು ಒಳಕ್ಕೆ ಮಡಿಸಿ.

ಪಟ್ಟಿಗಳ ಜೋಡಿಕೆ ಕತ್ತರಿ ಬೀಳುವ ಜಾಗಕ್ಕೇ ಬರಲಿ. ಹಲ್ಲಿನ ನಡುವೆ ಬಂದರೆ ತುದಿ ಗಂಟಿನಂತೆ ದಪ್ಪಗಾಗುತ್ತದೆ.

ಇಂಥ ಎರಡು ಪಟ್ಟಿಗಳನ್ನು ಕೆಂಪು ಬಟ್ಟೆಯ ಮೇಲೆ ಹಲ್ಲಿಗೆ ಹಲ್ಲು ಎದುರಾಗಿ, ತುದಿಗೆ ತುದಿ ತಾಗುವಂತೆ ಇಡಿ. ವಜ್ರ ಎಲ್ಲಿ ಎಂದು ಹುಡುಕುತ್ತಿದ್ದೀರಾ? ಬಿಳಿಯನ್ನು ಬಿಟ್ಟು ಕೆಂಪನ್ನು ನೋಡಿ. ನಾಲ್ಕು ಬಿಳಿ ಹಲ್ಲುಗಳ ನಡುವೆ ಉಳಿದ ನೆಲವೇ ವಜ್ರ. ಅಜ್ಜಿಯ ಉಡುಪಿನ ಒಳಮೈಯಲ್ಲಿ ನಾನು ಅರ್ಧ ಗಂಟೆ ವಜ್ರದ ಹೊಲಿಗೆಯನ್ನು ಹುಡುಕಿ ಹುಡುಕಿ ಸೋತಿದ್ದೆ. ವಜ್ರವನ್ನು ಯಾರೂ ಹೊಲಿದಿರಲಿಲ್ಲ. ಕಸೂತಿಯಲ್ಲಿ ಮುರ್ಗಿ ಹಾಕುವಾಗ ಎಳೆ ಎಣಿಸುವ ನಮಗೆ ಈ ಲೆಕ್ಕ ಬೇಗ ಹಿಡಿಯುತ್ತದೆ. ಒಂದೇ ಸಾಲಿನ ಪಟ್ಟಿ ಹಾಕಿದರೆ ಅರ್ಧ ವಜ್ರ. ತೋಳಿನ ತುದಿಗೆ ಅಷ್ಟು ಸಾಕು.

ಈಗ ಎಣಿಕೆ. ಲಂಗದ ಮೂರು ತುಂಡು ಸೇರಿಸಿದರೆ 132 ಇಂಚು. ಮೂರು ಜೋಡಿಕೆಯ ಹೊಲಿಗೆಗೆ ಒಂದೊಂದು ಇಂಚು ಹೋದರೆ 129. ಅದನ್ನು ಒಂದೂವರೆಯಿಂದ ಭಾಗಿಸಿದರೆ ಸರಿಯಾಗಿ 86. ಬಟ್ಟೆಯ ಅಗಲ ನಿಮ್ಮಲ್ಲಿ 43 ಇಂಚು ಬಂದರೆ ಇದೇ ಲೆಕ್ಕಕ್ಕೆ 84; ಲೆಕ್ಕ ಸರಿಯಾಗಿ ಕೂಡದಿದ್ದರೆ ಜೋಡಿಕೆಯಲ್ಲಿ ಹೆಚ್ಚು ಕಡಿಮೆ ಮಾಡಿ ಒಂದೂವರೆಯ ಮಗ್ಗಿಗೆ ಕೂರಿಸಿ. ಲಂಗದ ಮೂರೂ ಜೋಡಿಕೆ ಮುಗಿಸಿ ಬಳೆಯಂತೆ ಸುತ್ತು ಮಾಡಿಕೊಂಡ ಮೇಲೆಯೇ ಪಟ್ಟಿ ಹಚ್ಚಬೇಕು. ನಾನು ಹಾಗೆ ಮಾಡಲಿಲ್ಲ. ಸಪಾಟಾದ ತುಂಡಿನ ಮೇಲೆ ಹಚ್ಚುವುದು ಸುಲಭವೆಂದು ಮೂರಕ್ಕೂ ಬೇರೆ ಬೇರೆ ಹಚ್ಚಿ ಆಮೇಲೆ ಜೋಡಿಸಿದೆ. ಮೂರು ಕಡೆ ವಜ್ರ ತುಂಡಾಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ವಿಡಿಯೊ ಕರೆ. ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಅಜ್ಜಿ ಪರದೆಗೆ ಮೂಗು ತಾಗಿಸಿ ನೋಡಿ ಏನೋ ಹೇಳಿದಳು. ಸೊಸೆ ನಗು ತಡೆಯಲಾರದೆ ಹೇಳಿದಳು: "ಹಾವನ್ನು ಮೂರು ತುಂಡು ಮಾಡಿದ್ದೀರಂತೆ, ಮಾವಶಿ." ಬಿಚ್ಚಿದೆ. ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಪಟ್ಟಿಯನ್ನು ಲಂಗದ ಕೆಳಗಿನ ಅಂಚಿನಿಂದ ಎರಡು ಇಂಚು ಮೇಲೆ ಇಡಿ. ಮೊದಲು ಕೆಳಗಿನ ಸಾಲಿಗೆ ಕಚ್ಚಾ ಹೊಲಿಗೆ, ಆಮೇಲೆ ಮೇಲಿನ ಸಾಲು. ನೇರ ಅಂಚುಗಳಿಗೆ ಮಷೀನು ಓಡಿಸಿ. ಹಲ್ಲುಗಳಿಗೆ ಕೈ ಹೊಲಿಗೆಯೇ ಆಗಬೇಕೆಂದು ನನ್ನ ಹಟ. ಮಷೀನಿನಲ್ಲಿಯೂ ಮಾಡುತ್ತಾರೆ, ಪ್ರತಿ ತುದಿಯಲ್ಲಿ ಸೂಜಿ ಒಳಗಿಟ್ಟು ಪಾದ ಎತ್ತಿ ತಿರುಗಿಸಿದರೆ ಆಯಿತು. ಆದರೆ 172 ಹಲ್ಲು, ಅಷ್ಟೇ ಸಂದಿ. ಒಂದು ಕಡೆ ಕೈ ಜಾರಿದರೂ ತುದಿ ಸೊಟ್ಟಗಾಗಿ ಎದುರಿನ ತುದಿಯನ್ನು ತಪ್ಪಿಸುತ್ತದೆ. ಕೈಯಲ್ಲಿ ಒಂದು ಹಲ್ಲಿಗೆ ಮೂರು ನಿಮಿಷ ಹಿಡಿಯಿತು. ಐದು ಸಂಜೆಗಳಲ್ಲಿ ಮುಗಿಸಿದೆ. ಎರಡು ಹಲ್ಲುಗಳ ನಡುವಿನ ಸಂದಿ ಇದೆಯಲ್ಲ, ಕತ್ತರಿ ನಿಂತ ಜಾಗ, ಅಲ್ಲಿ ಮಡಿಕೆಗೆ ಬಟ್ಟೆಯೇ ಇರುವುದಿಲ್ಲ. ಅಲ್ಲಿ ಸೂಜಿಯನ್ನು ಎರಡು ಸಲ ಹತ್ತಿರ ಹತ್ತಿರ ಹಾಕಿ ಬಿಗಿಯಿರಿ. ಇದನ್ನು ಬಿಟ್ಟರೆ ನಾಲ್ಕನೆಯ ಒಗೆತಕ್ಕೆ ಸಂದಿ ಬಾಯಿ ಬಿಡುತ್ತದೆ.

ಎದೆಯ ಯೋಕಿಗೆ ಹಲ್ಲು ಚಿಕ್ಕದಿರಲಿ: ಒಂದು ಇಂಚಿನ ಅಂತರ, ಅರ್ಧ ಇಂಚಿನ ಸೀಳು, ಪಟ್ಟಿಯ ಅಗಲ ಒಂದೂಕಾಲು. ಸೊಸೆಯ ಯೋಕ್ 14 ಇಂಚು, ವಜ್ರ 14. ಯೋಕಿನ ಅಂಚಿನಲ್ಲಿ ಎರಡೂವರೆ ಇಂಚಿನ ಸಣ್ಣ ಝಾಲರು ಎದ್ದು ನಿಲ್ಲಬೇಕು, ಅದಕ್ಕೆ ಒಂದೂವರೆ ಪಟ್ಟು ಬಟ್ಟೆ ಸಾಕು.

ಲಂಗದ ಝಾಲರಿಗೆ ಮಾತ್ರ ಪೂರ್ತಿ ಎರಡು ಪಟ್ಟು ಕೊಡಿ. ಆರು ಪಟ್ಟಿ ಜೋಡಿಸಿ, ಕೆಳಗೆ ಒಂದು ಇಂಚು ಮಡಿಸಿ ಹೊಲಿದು, ಮೇಲಂಚಿಗೆ ಮಷೀನಿನ ಅತಿ ಉದ್ದದ ಹೊಲಿಗೆಯಲ್ಲಿ ಎರಡು ಸಾಲು ಓಡಿಸಿ, ಬಾಬಿನ್ನಿನ ದಾರ ಎಳೆಯಿರಿ. ಲಂಗವನ್ನೂ ಝಾಲರನ್ನೂ ಎಂಟೆಂಟು ಭಾಗ ಮಾಡಿ ಗುರುತಿಗೆ ಗುರುತು ಕೂಡಿಸಿ ಪಿನ್ನು ಚುಚ್ಚಿ. ಸೊಂಟದ ನಿರಿಗೆಯನ್ನೂ ಹೀಗೆಯೇ ಎಳೆಯಬೇಕು, ಆದರೆ ಅಲ್ಲಿ ದಾರ ಕಡಿಯುವ ಸಂಭವ ಹೆಚ್ಚು. ಬಾಬಿನ್ನಿಗೆ ಜೀನ್ಸ್ ಹೊಲಿಯುವ ದಾರ ಸುತ್ತಿಕೊಂಡೆ, ಕಡಿಯಲಿಲ್ಲ.

ಏಪ್ರನ್ನಿಗೆ ಬಿಳಿ ಬಟ್ಟೆ 38 ಇಂಚು ಅಗಲ, 30 ಇಂಚು ಉದ್ದ. ಎರಡೂ ಬದಿ ಮಡಿಸಿದರೆ ಉಳಿಯುವುದು 36, ಅಂದರೆ 24 ವಜ್ರ. ಇಲ್ಲಿ ಬಣ್ಣ ತಿರುಗುಮುರುಗು: ಪಟ್ಟಿ ಕೆಂಪು, ವಜ್ರ ಬಿಳಿ. ಮೇಲಂಚನ್ನು 18 ಇಂಚಿನ ಪಟ್ಟಿಗೆ ನಿರಿಗೆ ಹಿಡಿದು, ಹಿಂದೆ ಕಟ್ಟಲು ಉದ್ದ ಲಾಡಿ. ನಾನು ಲಾಡಿಯನ್ನು ಪರಕರದ ಲಾಡಿಯಷ್ಟೇ ಸಪೂರ ಮಾಡಿದ್ದೆ. ಎರಡು ಇಂಚು ಅಗಲ ಬೇಕೆಂದು, ಹಿಂದೆ ದೊಡ್ಡ ಬೋ ಕಟ್ಟಬೇಕೆಂದು ಸೊಸೆ ಹೇಳಿದ ಮೇಲೆ ಬದಲಿಸಿದೆ. ಕೊರಳಿನ ಮಣಿಯ ಪಟ್ಟಿ, ಮುಡಿಗೆ ಬಾಚಣಿಗೆ, ಬೆನ್ನ ಮೇಲೆ ಇಳಿಬಿಡುವ ರಿಬ್ಬನ್ನುಗಳು ಅವಳ ತವರಿನಲ್ಲಿವೆ. ಅವಕ್ಕೆ ನಾನು ಕೈ ಹಾಕಲಿಲ್ಲ.

ಮುಗಿದ ದಿನ ಸೊಸೆ ಅದನ್ನು ತೊಟ್ಟು ನಮ್ಮ ಪಡಸಾಲೆಯಲ್ಲಿ ಒಂದು ಸುತ್ತು ತಿರುಗಿದಳು. ಝಾಲರು ಟೀಪಾಯಿಯ ಮೇಲಿನ ಚಹಾದ ಲೋಟವನ್ನು ಉರುಳಿಸಿತು. ಕರೆ ಮಾಡಿ ತೋರಿಸಿದಾಗ ಅಜ್ಜಿ ಮುಂಭಾಗವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಕೈಯಿಂದ ತಿರುಗಿಸುವ ಸನ್ನೆ ಮಾಡಿದಳು. ಲಂಗದ ಅಂಚನ್ನು ಮೇಲೆತ್ತಿ ಒಳಮೈ ತೋರಿಸಿದೆವು. ಮೊಬೈಲನ್ನು ಸುತ್ತಲೂ ನಿಧಾನವಾಗಿ ಒಯ್ಯಬೇಕಾಯಿತು, 129 ಇಂಚೂ. ಒಂದು ಕಡೆ ನಿಲ್ಲಿಸಲು ಹೇಳಿದಳು. ಎಡಗಡೆಯ ಜೋಡಿಕೆಯ ಹತ್ತಿರ ಒಂದು ಸಂದಿಗೆ ನಾನು ಒಂದೇ ಸಲ ಸೂಜಿ ಹಾಕಿ ಬಿಟ್ಟಿದ್ದೆ. ಕಣ್ಣು ಸಾಲದೆಂದು ಯಾರು ಹೇಳಿದರೋ. ಆಮೇಲೆ "ಯಕೋಕೆ" ಎಂದಳು, ಅವರ ಭಾಷೆಯಲ್ಲಿ ಧನ್ಯವಾದ.

ಉಡುಪು ತೊಟ್ಟುಕೊಂಡಿದ್ದಂತೆಯೇ ಆ ಸಂದಿಯನ್ನು ಬಿಗಿದೆ, ಸೊಸೆ ಕುರ್ಚಿಯ ಮೇಲೆ ನಿಂತಿದ್ದಳು. ಚೀಲಕ್ಕೆ ಹಾಕುವಾಗ ವಜ್ರದ ಸಾಲಿನ ಮೇಲೆ ಮಡಿಕೆ ಬೀಳದಂತೆ ಲಂಗವನ್ನು ಉದ್ದಕ್ಕೆ ಸುರುಳಿ ಸುತ್ತಿ. ಗಂಜಿಯನ್ನು ಒಗೆದು ತೆಗೆದ ಮೇಲೆಯೇ ಇಡಿ, ಇಲ್ಲವಾದರೆ ಜಿರಳೆ ಕಡಿಯುತ್ತದೆ. ಉಳಿದ ಅರ್ಧ ಮೀಟರ್ ಕೆಂಪು, ಒಂದು ಮೊಳ ಬಿಳಿ, ಜೊತೆಗೆ ಲಗ್ನಪತ್ರಿಕೆಯ ಆ ಅಳತೆಪಟ್ಟಿಯನ್ನೂ ಕಟ್ಟಿಕೊಟ್ಟೆ. ಮಗಳದ್ದು ಅವಳೇ ಹೊಲಿಯುತ್ತಾಳಂತೆ.